ರೆಸ್ಟೋರೆಂಟ್ ವ್ಯವಸ್ಥಾಪಕರನ್ನು ಉಳಿಸಿಕೊಳ್ಳುವಿಕೆ

ರೆಸ್ಟೋರೆಂಟ್ ವ್ಯವಸ್ಥಾಪಕರನ್ನು ಉಳಿಸಿಕೊಳ್ಳುವಿಕೆ ಎಂಬುದು ಮಾನವ ಸಂಪನ್ಮೂಲ ನಿರ್ವಹಣೆಯ ಒಂದು ವಿಷಯ. ದಕ್ಷರಾದ ವ್ಯವಸ್ಥಾಪಕರು ಅಥವಾ ಮ್ಯಾನೇಜರುಗಳು ಒಂದೇ ಸಂಸ್ಥೆಯಲ್ಲಿ ದೀರ್ಘಕಾಲ ತೃಪ್ತಿಯಿಂದಲೂ ನಿಷ್ಠೆಯಿಂದಲೂ ದುಡಿಯುವಂತೆ ಮಾಡಲು ಮಾಲೀಕರು ಕೈಗೊಳ್ಳುವ ಕ್ರಮಗಳು ಇದರ ವ್ಯಾಪ್ತಿಗೆ ಬರುತ್ತವೆ. ಲಾಭದಲ್ಲಿ ಪಾಲು, ಮಿತವಾದ ಕೆಲಸದ ವೇಳೆ, ಬಡ್ತಿಯ ಅವಕಾಶ ಹಾಗೂ ನಿರ್ಧಾರ ಕೈಗೊಳ್ಳುವ ಅಧಿಕಾರ ಇವು ಅಂತಹ ಕ್ರಮಗಳಲ್ಲಿ ಮುಖ್ಯವಾದವು. ಅಮೆರಿಕದ ಔಟ್‌ಬ್ಯಾಕ್ ಸ್ಟೇಕ್‌ಹೌಸ್, ಚೀನಾದ ಹೈದಿಲಾವ್, ಭಾರತದ ಉಡುಪಿ ಹೋಟೆಲುಗಳು ಮತ್ತು ಇಂಡಿಯನ್ ಕಾಫಿ ಹೌಸ್ ಈ ಸಮಸ್ಯೆಗೆ ಬೇರೆ ಬೇರೆ ರೀತಿಯ ಉತ್ತರಗಳನ್ನು ಕಂಡುಕೊಂಡಿವೆ. ಕರ್ನಾಟಕದಲ್ಲಿ ರೆಸ್ಟೋರೆಂಟುಗಳನ್ನು ಸಾಮಾನ್ಯವಾಗಿ ‘ಹೋಟೆಲ್’ ಎಂದೇ ಕರೆಯುವುದರಿಂದ ಈ ಲೇಖನದಲ್ಲಿ ಎರಡೂ ಪದಗಳನ್ನು ಒಂದೇ ಅರ್ಥದಲ್ಲಿ ಬಳಸಲಾಗಿದೆ.

ವ್ಯವಸ್ಥಾಪಕರ ಪಾತ್ರ

ಮಾಲೀಕರು ಸ್ಥಳದಲ್ಲಿ ಇಲ್ಲದಿರುವಾಗ ಹೋಟೆಲಿನ ಪೂರ್ಣ ಹೊಣೆ ವ್ಯವಸ್ಥಾಪಕರ ಮೇಲಿರುತ್ತದೆ. ದಿನಸಿ, ತರಕಾರಿ, ಹಾಲು ಮುಂತಾದವುಗಳ ಖರೀದಿ, ಉಗ್ರಾಣದ ಲೆಕ್ಕ, ಅಡುಗೆಯವರ ಹಾಗೂ ಬಡಿಸುವವರ ಪಾಳಿಯ ಹಂಚಿಕೆ, ಗಲ್ಲಾದ ಹಣದ ತಾಳೆ, ಗ್ರಾಹಕರ ದೂರುಗಳ ಪರಿಹಾರ, ನೈರ್ಮಲ್ಯ ಮತ್ತು ಪರವಾನಗಿಗಳ ಪಾಲನೆ ಇವೆಲ್ಲ ಅವರ ನಿತ್ಯದ ಕೆಲಸಗಳು. ಆಹಾರವು ಬೇಗ ಕೆಡುವ ಸರಕಾದುದರಿಂದ ಖರೀದಿಯಲ್ಲಿ ಆಗುವ ಸಣ್ಣ ತಪ್ಪು ಅದೇ ದಿನ ನಷ್ಟವಾಗಿ ಕಾಣಿಸಿಕೊಳ್ಳುತ್ತದೆ.

ಈ ಹುದ್ದೆಯ ಜ್ಞಾನದಲ್ಲಿ ಬಹುಪಾಲು ಬರವಣಿಗೆಯಲ್ಲಿ ಇರುವುದಿಲ್ಲ. ಯಾವ ವಾರ ಯಾವ ತಿನಿಸು ಹೆಚ್ಚು ಖರ್ಚಾಗುತ್ತದೆ, ಯಾವ ವ್ಯಾಪಾರಿ ಸಾಲದ ಮೇಲೆ ಸರಕು ಕೊಡುತ್ತಾನೆ, ಯಾವ ಅಡುಗೆಯವರನ್ನು ಯಾರ ಜೊತೆ ಪಾಳಿಗೆ ಹಾಕಬೇಕು ಎಂಬ ಸಂಗತಿಗಳು ಅನುಭವದಿಂದ ಬರುವಂತಹವು. ಆದ್ದರಿಂದ ಒಬ್ಬ ವ್ಯವಸ್ಥಾಪಕರು ಕೆಲಸ ಬಿಟ್ಟಾಗ ಅವರೊಡನೆ ಈ ತಿಳಿವಳಿಕೆಯೂ ಹೊರಟುಹೋಗುತ್ತದೆ. ಅನೇಕ ವೇಳೆ ಅವರಲ್ಲಿ ನಂಬಿಕೆ ಇಟ್ಟಿದ್ದ ಅಡುಗೆಯವರೂ ಬಡಿಸುವವರೂ ಅವರನ್ನೇ ಹಿಂಬಾಲಿಸುತ್ತಾರೆ.

ಕೆಲಸ ಬಿಡಲು ಕಾರಣಗಳು

ವೇತನದ ಕೊರತೆ ಒಂದು ಕಾರಣವಾದರೂ ಅದೊಂದೇ ಕಾರಣವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ ಉದ್ಯೋಗದ ಅಂಶಗಳನ್ನು ಎರಡಾಗಿ ವಿಂಗಡಿಸಿದರು. ವೇತನ, ಕೆಲಸದ ಪರಿಸ್ಥಿತಿ, ಮೇಲ್ವಿಚಾರಣೆಯ ರೀತಿ ಇವುಗಳಲ್ಲಿ ಕೊರತೆಯಿದ್ದರೆ ಅತೃಪ್ತಿ ಹುಟ್ಟುತ್ತದೆ. ಆದರೆ ಇವು ಸರಿಯಾಗಿದ್ದ ಮಾತ್ರಕ್ಕೆ ತೃಪ್ತಿ ಉಂಟಾಗುವುದಿಲ್ಲ. ಸಾಧನೆ, ಮನ್ನಣೆ, ಹೊಣೆಗಾರಿಕೆ ಮತ್ತು ಏಳಿಗೆಯಿಂದ ತೃಪ್ತಿ ಬರುತ್ತದೆ ಎಂಬುದು ಅವರ ವಾದ. ಹೋಟೆಲ್ ಉದ್ಯಮದಲ್ಲಿ ಈ ಎರಡೂ ಬಗೆಯ ಕೊರತೆಗಳು ಕಂಡುಬರುತ್ತವೆ.

ಕೆಲಸದ ವೇಳೆ: ಇತರರು ಬಿಡುವಾಗಿರುವ ಸಂಜೆ, ಭಾನುವಾರ ಹಾಗೂ ಹಬ್ಬದ ದಿನಗಳಲ್ಲಿಯೇ ಹೋಟೆಲಿಗೆ ಹೆಚ್ಚು ವ್ಯಾಪಾರ. ರಜೆಯ ಮೇಲಿರುವ ನೌಕರರ ಬದಲಿಗೆ ಕೊನೆಯಲ್ಲಿ ವ್ಯವಸ್ಥಾಪಕರೇ ನಿಲ್ಲಬೇಕಾಗುತ್ತದೆ. ಇದರಿಂದ ಅವರ ಕುಟುಂಬ ಜೀವನಕ್ಕೆ ಬೀಳುವ ಪೆಟ್ಟು ಕೆಲಸ ಬಿಡಲು ಪ್ರಮುಖ ಕಾರಣವಾಗಿದೆ.

ಕಾನೂನಿನ ಸ್ಥಾನ: ಅಮೆರಿಕದ 1938ರ ನ್ಯಾಯೋಚಿತ ಕಾರ್ಮಿಕ ಮಾನದಂಡ ಕಾಯ್ದೆಯ ಪ್ರಕಾರ ನಿಗದಿತ ಕರ್ತವ್ಯಗಳುಳ್ಳ ಹಾಗೂ ನಿಗದಿತ ಮಿತಿಯಷ್ಟು ಸಂಬಳ ಪಡೆಯುವ ವ್ಯವಸ್ಥಾಪಕರಿಗೆ ಹೆಚ್ಚುವರಿ ವೇಳೆಯ ವೇತನ ಕೊಡಬೇಕಾಗಿಲ್ಲ. ಭಾರತದಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ಮುಖ್ಯವಾಗಿ ವ್ಯವಸ್ಥಾಪನೆಯ ಕೆಲಸದಲ್ಲಿರುವವರನ್ನು ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೊರಗಿರಿಸಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದೇ ಕ್ರಮವನ್ನು ಮುಂದುವರಿಸಿದೆ. ಹೀಗಾಗಿ ದುಡಿಮೆಯ ಮಿತಿಯು ಬಹುಮಟ್ಟಿಗೆ ಮಾಲೀಕರ ವಿವೇಚನೆಗೆ ಬಿಟ್ಟ ವಿಷಯವಾಗುತ್ತದೆ.

ಟಿಪ್ಸ್ ಮತ್ತು ವೇತನದ ಅಂತರ: ಅಮೆರಿಕದಲ್ಲಿ ನೌಕರರ ಟಿಪ್ಸ್‌ನಲ್ಲಿ ಪಾಲು ಪಡೆಯದಂತೆ ವ್ಯವಸ್ಥಾಪಕರನ್ನು 2018ರ ಕಾನೂನು ತಿದ್ದುಪಡಿ ನಿರ್ಬಂಧಿಸಿದೆ. ದುಬಾರಿ ರೆಸ್ಟೋರೆಂಟುಗಳಲ್ಲಿ ಬಡಿಸುವವರ ಆದಾಯದ ಬಹುಭಾಗ ಟಿಪ್ಸ್‌ನಿಂದ ಬರುವುದರಿಂದ, ಬಡ್ತಿ ಪಡೆದವರು ಹೆಚ್ಚಿನ ಹೊಣೆ ಹೊತ್ತು ಹಿಂದಿಗಿಂತ ಕಡಿಮೆ ಆದಾಯ ಪಡೆಯುವ ಸಂದರ್ಭಗಳಿವೆ. ನ್ಯೂಯಾರ್ಕಿನ ಉದ್ಯಮಿ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ರೆಸ್ಟೋರೆಂಟುಗಳಲ್ಲಿ ಟಿಪ್ಸ್ ಪದ್ಧತಿಯನ್ನು ಕೈಬಿಟ್ಟು, ಸೇವೆಯ ಮೌಲ್ಯವನ್ನು ತಿನಿಸುಗಳ ಬೆಲೆಯಲ್ಲಿಯೇ ಸೇರಿಸುವ ಕ್ರಮವನ್ನು ಪ್ರಕಟಿಸಿದರು. ಅಡುಗೆಮನೆಯವರ ಮತ್ತು ಬಡಿಸುವವರ ಆದಾಯದ ಅಂತರವನ್ನು ತಗ್ಗಿಸುವುದು ಅದರ ಮುಖ್ಯ ಉದ್ದೇಶವಾಗಿತ್ತು. 2020ರಲ್ಲಿ ಕೋವಿಡ್ ಸಾಂಕ್ರಾಮಿಕದ ನಡುವೆ ಈ ಕ್ರಮವನ್ನು ಕೈಬಿಡಲಾಯಿತು.

ಅನುಸರಿಸುವ ಪದ್ಧತಿಗಳು

ಲಾಭದಲ್ಲಿ ಪಾಲು

ಔಟ್‌ಬ್ಯಾಕ್ ಸ್ಟೇಕ್‌ಹೌಸ್ 1988ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಆರಂಭವಾಯಿತು. ಕ್ರಿಸ್ ಸುಲಿವನ್, ಬಾಬ್ ಬ್ಯಾಶಮ್ ಮತ್ತು ಟಿಮ್ ಗ್ಯಾನನ್ ಇದರ ಸ್ಥಾಪಕರಲ್ಲಿ ಪ್ರಮುಖರು. ಪ್ರತಿ ರೆಸ್ಟೋರೆಂಟಿನ ಮುಖ್ಯಸ್ಥರನ್ನು ಇಲ್ಲಿ ‘ವ್ಯವಸ್ಥಾಪಕ ಪಾಲುದಾರ’ ಎಂದು ಕರೆಯಲಾಗುತ್ತಿತ್ತು. ಅವರು 25,000 ಡಾಲರ್ ಬಂಡವಾಳ ಹೂಡಿ, ಐದು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಬೇಕಾಗಿತ್ತು. ಇದಕ್ಕೆ ಪ್ರತಿಯಾಗಿ ಸಂಬಳದ ಜೊತೆಗೆ ಆ ರೆಸ್ಟೋರೆಂಟಿನ ನಗದು ಉಳಿತಾಯದ ಶೇಕಡಾ 10ರಷ್ಟು ಅವರಿಗೆ ಸಲ್ಲುತ್ತಿತ್ತು. ಸ್ವಂತ ಹಣ ಹೂಡಿದವರು ಉಗ್ರಾಣದ ಪೋಲನ್ನು ತಾವೇ ತಡೆಯುತ್ತಾರೆ, ಗ್ರಾಹಕರ ಮುಖ ಮತ್ತು ಹೆಸರನ್ನು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಈ ಪದ್ಧತಿಯ ಹಿಂದಿನ ತರ್ಕ. ಐದು ವರ್ಷ ಒಂದೇ ಊರಿನಲ್ಲಿ ನೆಲೆಸುವುದರಿಂದ ಸ್ಥಳೀಯರೊಡನೆ ಅವರ ಒಡನಾಟವೂ ಬೆಳೆಯುತ್ತದೆ.

ಅಮೆರಿಕದ ಚಿಕ್-ಫಿಲ್-ಎ ಸರಣಿಯ ಕ್ರಮ ಇದಕ್ಕೆ ಹತ್ತಿರವಾದುದು. ಇಲ್ಲಿ ‘ಆಪರೇಟರ್’ ಎಂದು ಕರೆಯಲಾಗುವವರು 10,000 ಡಾಲರ್ ಪ್ರವೇಶ ಶುಲ್ಕ ನೀಡಿ ರೆಸ್ಟೋರೆಂಟನ್ನು ನಡೆಸುತ್ತಾರೆ. ಸ್ಥಳ ಮತ್ತು ಕಟ್ಟಡದ ವೆಚ್ಚವನ್ನು ಕಂಪನಿಯೇ ಭರಿಸಿ, ಮಾರಾಟ ಮತ್ತು ಲಾಭದಲ್ಲಿ ದೊಡ್ಡ ಪಾಲನ್ನು ಪಡೆಯುತ್ತದೆ.

ಶಿಷ್ಯರ ಯಶಸ್ಸಿನಲ್ಲಿ ಪಾಲು

ಒಳ್ಳೆಯ ವ್ಯವಸ್ಥಾಪಕರು ತಮ್ಮ ಕೈಕೆಳಗಿನ ಜಾಣರನ್ನು ಬಿಟ್ಟುಕೊಡಲು ಹಿಂಜರಿಯುವುದು ಸರಣಿ ರೆಸ್ಟೋರೆಂಟುಗಳ ಹಳೆಯ ತೊಡಕು. ಝಾಂಗ್ ಯೋಂಗ್ 1994ರಲ್ಲಿ ಚೀನಾದ ಸಿಚುವಾನ್ ಪ್ರಾಂತದಲ್ಲಿ ಆರಂಭಿಸಿದ ಹೈದಿಲಾವ್ ಎಂಬ ಹಾಟ್‌ಪಾಟ್ ಸರಣಿಯು ಇದಕ್ಕೆ ಗುರು-ಶಿಷ್ಯ ಪದ್ಧತಿಯನ್ನು ರೂಪಿಸಿತು. 2018ರಲ್ಲಿ ಹಾಂಗ್‌ಕಾಂಗ್ ಷೇರು ಪೇಟೆಗೆ ಬಂದಾಗ ಕಂಪನಿ ನೀಡಿದ ವಿವರದಂತೆ, ವ್ಯವಸ್ಥಾಪಕರು ಎರಡು ದಾರಿಗಳಲ್ಲಿ ಹೆಚ್ಚಿನ ಆದಾಯ ತರುವುದನ್ನು ಪಡೆಯುತ್ತಿದ್ದರು. ಮೊದಲನೆಯದು ತಮ್ಮ ರೆಸ್ಟೋರೆಂಟಿನ ಲಾಭದ ಶೇಕಡಾ 2.8. ಎರಡನೆಯದರಲ್ಲಿ ತಮ್ಮ ರೆಸ್ಟೋರೆಂಟಿನ ಪಾಲು ಶೇಕಡಾ 0.4ಕ್ಕೆ ಇಳಿದರೂ, ತಾವು ತರಬೇತಿ ನೀಡಿದ ಶಿಷ್ಯರ ರೆಸ್ಟೋರೆಂಟುಗಳ ಲಾಭದಲ್ಲಿ ಶೇಕಡಾ 3ರ ಆಸುಪಾಸಿನ ಪಾಲೂ, ಆ ಶಿಷ್ಯರ ಶಿಷ್ಯರ ರೆಸ್ಟೋರೆಂಟುಗಳಲ್ಲಿ ಶೇಕಡಾ 1.5ರಷ್ಟು ಪಾಲೂ ಸೇರುತ್ತಿದ್ದವು. ಇದರಿಂದ ಜಾಣ ಸಹಾಯಕರನ್ನು ಬೆಳೆಸಿ ಕಳುಹಿಸುವುದು ವ್ಯವಸ್ಥಾಪಕರಿಗೆ ನಷ್ಟವಾಗದೆ ಲಾಭವಾಯಿತು.

ಕೆಲಸದ ವೇಳೆಯ ಮಿತಿ

ಔಟ್‌ಬ್ಯಾಕ್ ತನ್ನ ಆರಂಭದ ವರ್ಷಗಳಲ್ಲಿ ರಾತ್ರಿಯ ಊಟಕ್ಕೆ ಮಾತ್ರ ತೆರೆದಿರುತ್ತಿತ್ತು. ಮಧ್ಯಾಹ್ನದ ವ್ಯಾಪಾರ ಕೈತಪ್ಪಿದರೂ ವ್ಯವಸ್ಥಾಪಕರೂ ನೌಕರರೂ ಎರಡು ಹೊತ್ತಿನ ದುಡಿಮೆಯಿಂದ ದಣಿಯಬಾರದು ಎಂಬುದು ಇದರ ಒಂದು ಉದ್ದೇಶ. ನಂತರದ ವರ್ಷಗಳಲ್ಲಿ ಸರಣಿಯು ಮಧ್ಯಾಹ್ನದ ಊಟವನ್ನೂ ಆರಂಭಿಸಿತು. ಚಿಕ್-ಫಿಲ್-ಎ ಭಾನುವಾರ ಬಾಗಿಲು ಮುಚ್ಚುತ್ತದೆ. ಸ್ಥಾಪಕ ಟ್ರೂಯೆಟ್ ಕ್ಯಾಥಿಯವರ ಧಾರ್ಮಿಕ ನಂಬಿಕೆ ಇದಕ್ಕೆ ಮೂಲವಾದರೂ, ವಾರದಲ್ಲಿ ಒಂದು ದಿನ ಎಲ್ಲರಿಗೂ ಖಚಿತವಾದ ಬಿಡುವು ದೊರೆಯುವುದು ಅದರ ಪರಿಣಾಮ. ವ್ಯವಸ್ಥಾಪಕರಿಗೆ ರಜೆ ಎಂಬುದು ಕೇವಲ ಕಾಗದದ ಮೇಲಿರಬಾರದು ಎಂದಾದರೆ, ಅವರಿಲ್ಲದ ದಿನ ಹೊಣೆ ಹೊರಬಲ್ಲ ಸಹಾಯಕ ವ್ಯವಸ್ಥಾಪಕರನ್ನು ಮೊದಲೇ ತಯಾರು ಮಾಡಿರಬೇಕಾಗುತ್ತದೆ.

ಅಧಿಕಾರ ಮತ್ತು ಅಭಿಪ್ರಾಯ ಸ್ವಾತಂತ್ರ್ಯ

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಕೃತಿಯಲ್ಲಿ, ಸಂಸ್ಥೆಯೊಂದರಲ್ಲಿ ಅತೃಪ್ತರಾದವರಿಗೆ ಹೊರನಡೆಯುವುದು ಮತ್ತು ದನಿಯೆತ್ತುವುದು ಎಂಬ ಎರಡು ದಾರಿಗಳಿವೆ ಎಂದು ವಿವರಿಸಿದ್ದಾರೆ. ನಿಷ್ಠೆಯುಳ್ಳವರು ಹೊರನಡೆಯುವ ಮುನ್ನ ದನಿಯೆತ್ತುತ್ತಾರೆ. ಈ ದೃಷ್ಟಿಯಲ್ಲಿ ದೂರು ಹೇಳುವ ವ್ಯವಸ್ಥಾಪಕರು ಇನ್ನೂ ಸಂಸ್ಥೆಯ ಒಳಿತನ್ನು ಬಯಸುವವರು. ಮೌನವಾಗಿರುವವರು ಬೇರೆ ಕೆಲಸ ಹುಡುಕುತ್ತಿರಬಹುದು. ವ್ಯವಸ್ಥಾಪಕರು ನೌಕರರಿಗೆ ನೀಡಿದ ಸೂಚನೆಯನ್ನು ಮಾಲೀಕರು ಎಲ್ಲರ ಮುಂದೆ ರದ್ದುಪಡಿಸುವುದು, ಸಣ್ಣ ಖರ್ಚಿಗೂ ಅನುಮತಿ ಕೇಳುವಂತೆ ಮಾಡುವುದು, ಮಾಲೀಕರ ಬಂಧುಗಳು ಗಲ್ಲಾದಲ್ಲಿ ಕುಳಿತು ಸಮಾನಾಂತರವಾಗಿ ಆಜ್ಞೆ ಮಾಡುವುದು ಇವು ಅಧಿಕಾರವನ್ನು ಕುಂದಿಸುವ ಸಾಮಾನ್ಯ ಸಂದರ್ಭಗಳು.

ತರಬೇತಿ ಮತ್ತು ಬಡ್ತಿ

ಮೆಕ್‌ಡೊನಾಲ್ಡ್ಸ್ ಕಂಪನಿಯು 1961ರಲ್ಲಿ ಇಲಿನಾಯ್ ರಾಜ್ಯದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ, ತನ್ನದೇ ಒಂದು ರೆಸ್ಟೋರೆಂಟಿನ ನೆಲಮಾಳಿಗೆಯಲ್ಲಿ ಹ್ಯಾಂಬರ್ಗರ್ ವಿಶ್ವವಿದ್ಯಾಲಯ ಎಂಬ ತರಬೇತಿ ಕೇಂದ್ರವನ್ನು ತೆರೆಯಿತು. ವ್ಯವಸ್ಥಾಪನೆಯನ್ನು ಕಲಿತು ಬರಬೇಕಾದ ವೃತ್ತಿಯಾಗಿ ಕಾಣುವ ಈ ಕ್ರಮ ಮುಂದೆ ಇತರ ಸರಣಿಗಳಲ್ಲಿಯೂ ಹರಡಿತು.

ಭಾರತದಲ್ಲಿ

ಉಡುಪಿ ಹೋಟೆಲುಗಳು

ದಕ್ಷಿಣ ಕನ್ನಡ ಮತ್ತು ಉಡುಪಿ ಸೀಮೆಯಿಂದ ಹೋದವರು 20ನೆಯ ಶತಮಾನದಲ್ಲಿ ಮದರಾಸು, ಬೆಂಗಳೂರು, ಮುಂಬಯಿ ಮೊದಲಾದ ನಗರಗಳಲ್ಲಿ ಉಡುಪಿ ಹೋಟೆಲುಗಳನ್ನು ಕಟ್ಟಿದರು. ಇಲ್ಲಿ ವ್ಯವಸ್ಥಾಪಕರಾಗಲು ಪದವಿಗಿಂತ ಅನುಭವ ಮುಖ್ಯವಾಗಿತ್ತು. ಲೋಟ ತೊಳೆಯುವ ಅಥವಾ ಮೇಜು ಒರೆಸುವ ಕೆಲಸಕ್ಕೆ ಸೇರಿದ ಹುಡುಗ ಮಾಣಿಯಾಗಿ, ಮುಂದೆ ಗಲ್ಲಾ ನೋಡಿಕೊಳ್ಳುವವನಾಗಿ, ಕೊನೆಗೆ ವ್ಯವಸ್ಥಾಪಕನಾಗುವುದು ಪರಿಚಿತ ಹಾದಿ. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರೂ ಇದ್ದಾರೆ. ವುಡ್‌ಲ್ಯಾಂಡ್ಸ್ ಹೋಟೆಲಿನ ಸ್ಥಾಪಕ ಕೆ. ಕೃಷ್ಣರಾಯರು ಮದರಾಸಿನಲ್ಲಿ ಅಡುಗೆಮನೆಯ ಕೆಲಸದಿಂದ ಆರಂಭಿಸಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು.

ಈ ಹಾದಿಯ ಕೊನೆಯಲ್ಲಿ ವ್ಯವಸ್ಥಾಪಕರು ಸ್ವಂತ ಹೋಟೆಲ್ ತೆರೆಯಲು ಬಯಸುವುದು ಸಹಜ. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೆಯ ಕಲಮಿನ ಪ್ರಕಾರ ಕಾನೂನುಬದ್ಧ ವ್ಯಾಪಾರವನ್ನು ನಿರ್ಬಂಧಿಸುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ. ಆದ್ದರಿಂದ ಕೆಲಸ ಬಿಟ್ಟವರು ಎದುರಿನ ರಸ್ತೆಯಲ್ಲಿಯೇ ಅದೇ ಬಗೆಯ ಹೋಟೆಲ್ ತೆರೆದರೂ, ತೆರೆಯಬಾರದೆಂಬ ಹಳೆಯ ಕರಾರನ್ನು ತೋರಿಸಿ ಮಾಲೀಕರು ಸಾಮಾನ್ಯವಾಗಿ ತಡೆಯಲಾರರು. ಈ ಕಾರಣದಿಂದ ಹಲವು ಮಾಲೀಕರು ಹೊಸ ಶಾಖೆ ತೆರೆಯುವಾಗ ನಂಬಿಕಸ್ಥ ವ್ಯವಸ್ಥಾಪಕರನ್ನು ದುಡಿಮೆಯ ಪಾಲುದಾರರನ್ನಾಗಿ ಸೇರಿಸಿಕೊಳ್ಳುತ್ತಾರೆ. ಇದರಲ್ಲಿ ಒಬ್ಬರು ಬಂಡವಾಳವನ್ನೂ ಇನ್ನೊಬ್ಬರು ಶ್ರಮವನ್ನೂ ಹಾಕುತ್ತಾರೆ. ಬಂಧುತ್ವ ಹಾಗೂ ಒಂದೇ ಊರಿನವರೆಂಬ ನಂಟು ಈ ಪಾಲುದಾರಿಕೆಗೆ ಅನೇಕ ವೇಳೆ ಆಧಾರವಾಗುತ್ತದೆ. ಆ ನಂಟು ಇಲ್ಲದ ದಕ್ಷರಿಗೆ ಮುಂದಿನ ದಾರಿ ಕಿರಿದಾಗುವುದು ಇದರ ದೋಷ.

ಇಂಡಿಯನ್ ಕಾಫಿ ಹೌಸ್

1950ರ ದಶಕದಲ್ಲಿ ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ನೌಕರರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲ ಸಂಘ 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ನೌಕರರೇ ಸದಸ್ಯರಾಗಿರುವ ಈ ಸಂಘಗಳನ್ನು ಅವರು ಆರಿಸಿದ ಸಮಿತಿಗಳು ನಡೆಸುತ್ತವೆ. ಇಲ್ಲಿ ವ್ಯವಸ್ಥಾಪನೆ ಮಾಡುವವರು ಮತ್ತು ಒಡೆತನ ಉಳ್ಳವರು ಬೇರೆ ಬೇರೆಯಲ್ಲದ ಕಾರಣ ನಿಷ್ಠೆಯ ಪ್ರಶ್ನೆ ಬೇರೆಯೇ ರೂಪ ತಾಳುತ್ತದೆ.

ಉಪದಾನ

1972ರ ಉಪದಾನ ಸಂದಾಯ ಕಾಯ್ದೆಯು ಐದು ವರ್ಷಗಳ ನಿರಂತರ ಸೇವೆ ಪೂರೈಸಿದವರಿಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನದ ದರದಲ್ಲಿ ಉಪದಾನ ಅಥವಾ ಗ್ರಾಚ್ಯುಟಿ ನೀಡುವ ನಿಯಮವನ್ನು ತಂದಿತು. ‘ಕಾರ್ಮಿಕ’ ವ್ಯಾಖ್ಯೆಯಿಂದ ಹೊರಗುಳಿದ ವ್ಯವಸ್ಥಾಪಕರೂ ಈ ಕಾಯ್ದೆಯಡಿ ‘ನೌಕರ’ರೆನಿಸಿಕೊಂಡುದರಿಂದ ದೀರ್ಘ ಸೇವೆಗೆ ಇದು ಒಂದು ಪ್ರೋತ್ಸಾಹವಾಯಿತು.

ಮಿತಿಗಳು ಮತ್ತು ಟೀಕೆ

ಲಾಭದ ಪಾಲು ರೆಸ್ಟೋರೆಂಟು ಲಾಭದಲ್ಲಿದ್ದಾಗ ಮಾತ್ರ ಫಲ ನೀಡುತ್ತದೆ. ಬಾಡಿಗೆ ಏರಿಕೆ, ರಸ್ತೆ ಕಾಮಗಾರಿ, ದಿನಸಿ ಬೆಲೆಯಂತಹ ತಮ್ಮ ಹಿಡಿತದಲ್ಲಿಲ್ಲದ ಕಾರಣಗಳಿಂದ ಲಾಭ ಇಳಿದಾಗ ಶ್ರಮಿಸಿದ ವ್ಯವಸ್ಥಾಪಕರೂ ಆದಾಯ ಕಳೆದುಕೊಳ್ಳುತ್ತಾರೆ. ಪಾಲು ಹೆಚ್ಚಿಸಿಕೊಳ್ಳಲು ನೌಕರರ ಸಂಖ್ಯೆ ಅಥವಾ ಸಾಮಗ್ರಿಯ ಗುಣಮಟ್ಟವನ್ನು ಇಳಿಸುವ ಆಸೆಯೂ ಹುಟ್ಟಬಹುದು. ಬಂಡವಾಳ ಹೂಡಿಸಿಕೊಳ್ಳುವ ಪದ್ಧತಿಯಲ್ಲಿ, ವ್ಯವಸ್ಥಾಪಕರು ಉಳಿದಿರುವುದು ತೃಪ್ತಿಯಿಂದಲೋ ಹೂಡಿದ ಹಣದ ಚಿಂತೆಯಿಂದಲೋ ಎಂದು ಹೇಳುವುದು ಕಷ್ಟ.

ಹೈದಿಲಾವ್ 2021ರ ನವೆಂಬರಿನಲ್ಲಿ ಸುಮಾರು 300 ರೆಸ್ಟೋರೆಂಟುಗಳನ್ನು ವರ್ಷಾಂತ್ಯದೊಳಗೆ ಮುಚ್ಚುವುದಾಗಿ ಪ್ರಕಟಿಸಿತು. ಅತಿವೇಗದ ವಿಸ್ತರಣೆ, ಸ್ಥಳಗಳ ಆಯ್ಕೆಯಲ್ಲಿನ ದೋಷ, ಸಮರ್ಥ ವ್ಯವಸ್ಥಾಪಕರ ಕೊರತೆ ಹಾಗೂ ಆದಾಯಕ್ಕೆ ಜೋಡಿಸಿದ ಅಳತೆಗೋಲುಗಳ ಮೇಲಿನ ಅತಿಯಾದ ನಂಬಿಕೆ ಇವುಗಳನ್ನು ಕಂಪನಿಯೇ ಕಾರಣಗಳೆಂದು ಹೇಳಿತು. ಶಿಷ್ಯರನ್ನು ತಯಾರಿಸಿದಷ್ಟೂ ಆದಾಯ ಹೆಚ್ಚುವ ಪದ್ಧತಿಯಿದ್ದರೂ ಅನುಭವ ಮಾಗಲು ಬೇಕಾದ ಕಾಲವನ್ನು ಅದು ತಗ್ಗಿಸಲಾರದು ಎಂಬುದಕ್ಕೆ ಈ ಪ್ರಸಂಗ ಉದಾಹರಣೆಯಾಗಿದೆ.