ಪ್ರೇಕ್ಷಾಧ್ಯಾನ: ಇತರರಿಗೆ ಕಲಿಸುವ ಕ್ರಮ

ಪ್ರೇಕ್ಷಾಧ್ಯಾನವು ಜೈನ ಪರಂಪರೆಯ ಧ್ಯಾನವನ್ನು ಗೃಹಸ್ಥರೂ ಜೈನೇತರರೂ ಕಲಿಯುವಂತೆ ಕ್ರಮಬದ್ಧಗೊಳಿಸಿದ ಪದ್ಧತಿ. ಶ್ವೇತಾಂಬರ ತೇರಾಪಂಥದ ಆಚಾರ್ಯ ಶ್ರೀ ತುಲಸಿಯವರ ಮಾರ್ಗದರ್ಶನದಲ್ಲಿ ಅವರ ಶಿಷ್ಯರಾದ ಮುನಿ ನಥಮಲ್‌ಜಿಯವರು ಇದನ್ನು ರೂಪಿಸಿದರು. ಇವರೇ ಮುಂದೆ ಆಚಾರ್ಯ ಶ್ರೀ ಮಹಾಪ್ರಜ್ಞರೆಂದು (1920–2010) ಪ್ರಸಿದ್ಧರಾದರು. ಪದ್ಧತಿಗೆ ಈ ಹೆಸರು ಬಂದದ್ದು 1975ರಲ್ಲಿ, ಜೈಪುರದಲ್ಲಿ. ರಾಜಸ್ಥಾನದ ಲಾಡನೂನಿನ ಜೈನ ವಿಶ್ವಭಾರತಿ ಇದರ ಮುಖ್ಯ ಕೇಂದ್ರ. 1980ರಲ್ಲಿ ಆರಂಭವಾದ ಸಮಣಿ ಶ್ರೇಣಿಯವರು ವಾಹನದಲ್ಲಿ ಪ್ರಯಾಣಿಸಬಹುದಾದ್ದರಿಂದ ಇದು ವಿದೇಶಗಳಿಗೂ ತಲುಪಿದೆ.

'ಪ್ರೇಕ್ಷಾ' ಎಂದರೆ ಆಳವಾಗಿ ನೋಡುವುದು. ಉಸಿರನ್ನು, ಶರೀರವನ್ನು, ಏಳುವ ಭಾವಗಳನ್ನು ರಾಗದ್ವೇಷವಿಲ್ಲದೆ ನೋಡುವುದು ಇಲ್ಲಿನ ಅಭ್ಯಾಸ. ಇಂದು 'ಮೈಂಡ್‌ಫುಲ್‌ನೆಸ್' ಎಂದು ಎಲ್ಲೆಡೆ ಕಲಿಸುವ ಧ್ಯಾನಕ್ಕೆ ಇದು ಹತ್ತಿರವಾಗಿ ಕಂಡರೂ ಗುರಿ ಬೇರೆ. ಮನಸ್ಸಿನ ಒತ್ತಡ ಇಳಿಯುವುದು ದಾರಿಯಲ್ಲಿ ಸಿಗುವ ಲಾಭ; ಕಷಾಯಗಳು ಕಡಿಮೆಯಾಗಿ ಚಿತ್ತ ಶುದ್ಧವಾಗುವುದು ಗುರಿ. ಕಲಿಸುವವರು ಈ ವ್ಯತ್ಯಾಸವನ್ನು ಮರೆತರೆ ಧ್ಯಾನವು ಅರ್ಧ ಗಂಟೆಯ ವಿಶ್ರಾಂತಿಯಾಗಿ ಉಳಿಯುತ್ತದೆ.

ಮೊದಲು ಐದು ನಿಯಮಗಳು

ಪ್ರೇಕ್ಷಾಧ್ಯಾನದ ಶಿಬಿರಗಳು 'ಉಪಸಂಪದಾ' ಸ್ವೀಕಾರದಿಂದ ಆರಂಭವಾಗುತ್ತವೆ. ಇದರಲ್ಲಿ ಐದು ಅಂಶಗಳಿವೆ. ಭಾವಕ್ರಿಯೆ, ಅಂದರೆ ಮಾಡುವ ಕೆಲಸದಲ್ಲೇ ಮನಸ್ಸಿಡುವುದು, ಪ್ರತಿಕ್ರಿಯಾ ವಿರತಿ, ಅಂದರೆ ಕೂಡಲೇ ಸಿಡುಕಿ ಉತ್ತರ ಕೊಡದಿರುವುದು, ಮೈತ್ರಿ, ಮಿತಾಹಾರ, ಮಿತಭಾಷಣ. ಅನೇಕರು ಇದನ್ನು ಶಿಷ್ಟಾಚಾರದಂತೆ ಓದಿಸಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬಾರದು. ಬೆಳಿಗ್ಗೆ ಕಣ್ಣು ಮುಚ್ಚಿ ಕುಳಿತವರು ಅಂಗಡಿ ತೆರೆದೊಡನೆ ಗಿರಾಕಿಯ ಮೇಲೆ, ಕೆಲಸದ ಹುಡುಗನ ಮೇಲೆ ರೇಗಿದರೆ ಕಲಿತದ್ದು ಏನು? ಐದರಲ್ಲಿ ಒಂದನ್ನಾದರೂ ವಾರವಿಡೀ ಪಾಲಿಸಿ ಬರಲು ಹೇಳಬೇಕು. ಮುಂದಿನ ತರಗತಿಯಲ್ಲಿ ಅದನ್ನೇ ಮೊದಲು ವಿಚಾರಿಸಬೇಕು.

ಅಭ್ಯಾಸದ ಕ್ರಮ

1. ಕಾಯೋತ್ಸರ್ಗ: ಕಾಲಿನ ಹೆಬ್ಬೆರಳಿನಿಂದ ತಲೆಯವರೆಗೆ ಒಂದೊಂದೇ ಅಂಗವನ್ನು ಸಡಿಲಗೊಳಿಸುವುದು. ಶರೀರ ನಿಶ್ಚಲ, ಮನಸ್ಸು ಎಚ್ಚರ.

2. ಅಂತರ್ಯಾತ್ರೆ: ಬೆನ್ನುಹುರಿಯ ಬುಡದಿಂದ ನೆತ್ತಿಯವರೆಗೆ ಚಿತ್ತವನ್ನು ಮೇಲೆ ಕೆಳಗೆ ಸಂಚರಿಸುವಂತೆ ಮಾಡುವುದು.

3. ಶ್ವಾಸಪ್ರೇಕ್ಷೆ: ದೀರ್ಘವಾಗಿ ಉಸಿರಾಡುತ್ತ ಮೊದಲು ಹೊಕ್ಕುಳಿನ ಬಳಿ ಹೊಟ್ಟೆಯ ಏರಿಳಿತವನ್ನು, ನಂತರ ಮೂಗಿನ ಬಳಿ ಉಸಿರಿನ ಬರಹೋಗುವಿಕೆಯನ್ನು ಗಮನಿಸುವುದು.

4. ಮುಂದಿನ ಹಂತಗಳು: ಶರೀರಪ್ರೇಕ್ಷೆ, ಚೈತನ್ಯಕೇಂದ್ರ ಪ್ರೇಕ್ಷೆ ಮತ್ತು ಬಣ್ಣಗಳ ಮೇಲಿನ ಲೇಶ್ಯಾಧ್ಯಾನ.

5. ಅನುಪ್ರೇಕ್ಷೆ: ಅನಿತ್ಯ, ಏಕತ್ವ, ಮೈತ್ರಿ ಮೊದಲಾದ ಭಾವನೆಗಳ ಚಿಂತನೆ.

ಹೊಸಬರಿಗೆ ಮೊದಲ ಮೂರೇ ಸಾಕು. ಒಂದೇ ದಿನದಲ್ಲಿ ಎಲ್ಲವನ್ನೂ ಮಾಡಿಸುವ ಆತುರದಿಂದ ಯಾವುದೂ ನೆಲೆಗೊಳ್ಳುವುದಿಲ್ಲ. ಹತ್ತು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿ, ಸಾಮಾಯಿಕದ 48 ನಿಮಿಷಕ್ಕೆ ತಲುಪಬಹುದು.

ದಿಗಂಬರ ಕುಟುಂಬಗಳಿಗೆ

ನಮ್ಮ ರಾಜ್ಯದ ಬಹುಪಾಲು ಜೈನರು ದಿಗಂಬರರು. ಅವರಿಗೆ ಇದು ಬೇರೆ ಸಂಪ್ರದಾಯದ್ದು ಎನಿಸಬಹುದು. ಆದರೆ ಕಾಯೋತ್ಸರ್ಗವು ಷಡಾವಶ್ಯಕಗಳಲ್ಲಿ ಒಂದು. ಅನುಪ್ರೇಕ್ಷೆಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿಯೇ ಇವೆ. ಶ್ರವಣಬೆಳಗೊಳ, ಕಾರ್ಕಳ, ವೇಣೂರುಗಳ ಬಾಹುಬಲಿ ಸ್ವಾಮಿ ನಿಂತಿರುವುದು ಕಾಯೋತ್ಸರ್ಗದಲ್ಲಿಯೇ.

ಬಸದಿಯಲ್ಲಿ ಮಾಡುವ 27 ಶ್ವಾಸೋಚ್ಛ್ವಾಸಗಳ ಕಾಯೋತ್ಸರ್ಗವೂ ಉಸಿರಿನ ಅಭ್ಯಾಸವೇ. ಒಂದು ಣಮೋಕಾರ ಮಂತ್ರಕ್ಕೆ ಮೂರು ಉಸಿರು, ಒಂಬತ್ತು ಮಂತ್ರಕ್ಕೆ 27. ಉಸಿರು ಒಳಗೆ ಹೋಗುವಾಗ ಮೊದಲನೆಯ ಪದ, ಹೊರಬರುವಾಗ ಎರಡನೆಯದು. ಎರಡನೆಯ ಉಸಿರಿನಲ್ಲಿ ಹೀಗೆಯೇ ಮುಂದಿನ ಎರಡು. ಐದನೆಯ ಪದವನ್ನು ಭಾಗ ಮಾಡಿ ಮೂರನೆಯ ಉಸಿರಿಗೆ ಹೊಂದಿಸುವುದು. ಅವಸರದಲ್ಲಿ ಒಂಬತ್ತು ಸಲ ಗುಣುಗುವ ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಹೊಸ ಪದ್ಧತಿ ಹುಡುಕಬೇಕಾಗಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿಯರೇ ಕಲಿಸಬಹುದು.

ಕಲಿಸುವವರು ಗಮನಿಸಬೇಕಾದದ್ದು

• ಸ್ವತಃ ದಿನವೂ ಅಭ್ಯಾಸ ಮಾಡದವರು ಕಲಿಸಲು ಹೊರಡಬಾರದು. ಅನುಭವಿಗಳ ಬಳಿ ತರಬೇತಿ ಪಡೆದಿರಬೇಕು.

• ಮಾತು ಕಡಿಮೆ, ಮೌನ ಹೆಚ್ಚು. ಒಂದು ಸೂಚನೆ ಕೊಟ್ಟು, ಅದನ್ನು ಅನುಸರಿಸಲು ಸಮಯ ಬಿಡಬೇಕು.

• ಮಂಡಿನೋವಿನ ಹಿರಿಯರನ್ನು ಪದ್ಮಾಸನಕ್ಕೆ ಒತ್ತಾಯಿಸಬಾರದು. ಕುರ್ಚಿಯಲ್ಲಿ ಬೆನ್ನು ನೇರವಾಗಿಟ್ಟು ಕುಳಿತರೂ ಸರಿ.

• ರಕ್ತದೊತ್ತಡ, ಹೃದ್ರೋಗ ಇರುವವರಿಂದ ಉಸಿರು ಬಿಗಿಹಿಡಿಸಬಾರದು.

• ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳಿಯೇ ಸೇರಬೇಕು. ಧ್ಯಾನದ ವೇಳೆ ಯಾರಿಗಾದರೂ ಭಯ, ಅಳು, ಗಾಬರಿ ಹೆಚ್ಚಾದರೆ ಕಣ್ಣು ತೆರೆಸಿ, ನೀರು ಕೊಟ್ಟು, ಅಂದಿಗೆ ನಿಲ್ಲಿಸಬೇಕು.

• ಸಕ್ಕರೆ ಕಾಯಿಲೆ, ಬಿ.ಪಿ. ಗುಣವಾಗುತ್ತದೆ, ಮಾತ್ರೆ ಬಿಡಿ ಎಂದು ಎಂದಿಗೂ ಹೇಳಬಾರದು. ಶಿಬಿರದ ಮಾತು ನಂಬಿ ಒಬ್ಬರು ಔಷಧಿ ನಿಲ್ಲಿಸಿ ತೊಂದರೆಗೆ ಸಿಲುಕಿದರೂ ಅದು ಹಿಂಸೆಯೇ.

• ಜೈನೇತರರು ಬಂದರೆ ಅವರ ಶ್ರದ್ಧೆಯನ್ನು ಬದಲಿಸುವ ಪ್ರಯತ್ನ ಬೇಡ. ಇದು ಜೈನ ಪದ್ಧತಿ ಎಂಬುದನ್ನು ಮುಚ್ಚಿಡುವುದೂ ಬೇಡ.

• "ನನಗೆ ಏನೂ ಕಾಣಲಿಲ್ಲ" ಎನ್ನುವವರಿಗೆ ಧೈರ್ಯ ಹೇಳಬೇಕು. ಮನಸ್ಸು ನೂರು ಸಲ ಓಡಿಹೋಗಿದೆ ಎಂದು ತಿಳಿದದ್ದೇ ಪ್ರೇಕ್ಷೆಯ ಆರಂಭ. ಬೆಳಕು ಕಂಡೆ, ದೇವರು ಕಂಡ ಎನ್ನುವವರನ್ನು ಎಲ್ಲರ ಮುಂದೆ ಹೊಗಳಿದರೆ ಉಳಿದವರೂ ಇಲ್ಲದ್ದನ್ನು ಹೇಳತೊಡಗುತ್ತಾರೆ.

ಫಲದ ಪರೀಕ್ಷೆ

ಶಿಬಿರಕ್ಕೆ ಎಷ್ಟು ಜನ ಬಂದರು ಎಂಬುದು ಅಳತೆಯಲ್ಲ. ಮೂರು ತಿಂಗಳ ನಂತರ ಎಷ್ಟು ಮಂದಿ ಮನೆಯಲ್ಲಿ ತಾವಾಗಿಯೇ ಕುಳಿತುಕೊಳ್ಳುತ್ತಿದ್ದಾರೆ ಎಂದು ವಿಚಾರಿಸಬೇಕು. ಅವರ ಸಿಟ್ಟು ಕಡಿಮೆಯಾಗಿದೆಯೇ, ಮಾತು ಮಿತವಾಗಿದೆಯೇ ಎಂಬುದನ್ನು ಅವರನ್ನಲ್ಲ, ಮನೆಯವರನ್ನು ಕೇಳಬೇಕು. ಕಲಿಸಿದವರ ಮನೆಯವರಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.