ಪಟ್ಟಿ ಕಟ್ಟಿಕೊಂಡ 700 ಜನ: ದೇವನಹಳ್ಳಿ ಕೋಟೆಯ ಒಬ್ಬ ಸಣ್ಣ ಸರದಾರನ ಕಥೆ

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗೋವಾಗ ಬೀರಸಂದ್ರದ ಹತ್ರ ಜಿಲ್ಲಾಡಳಿತ ಭವನ ಸಿಗತ್ತಲ್ಲ, ಅದು ಕುಂದಾಣ ಹೋಬಳಿ. 13ನೇ ಶತಮಾನದ ಕೊನೆಗೆ ಹೊಯ್ಸಳ ರಾಮನಾಥ ಕುಂದಾಣದಿಂದ ಆಳಿದ್ದ. ಆ ಕಥೆ ಇನ್ನೊಂದು ದಿನಕ್ಕಿರಲಿ. ಇವತ್ತಿನದು ಈ ರಸ್ತೆಯ ಎರಡು ತುದಿಗಳ ಕಥೆ.

ದೊಡ್ಡಬಳ್ಳಾಪುರದ ತುದಿಯಲ್ಲಿ ಅಬ್ಬಾಸ್ ಕುಲಿ ಖಾನ್ ಅನ್ನೋ ಜಹಗೀರದಾರ ಇದ್ದ. ಸಿರಾ ಸುಬೇದಾರರ ಕಡೆ ಫೌಜುದಾರನಾಗಿದ್ದ ಫತೇ ಮುಹಮ್ಮದ್ ಕಾಳಗದಲ್ಲಿ ಸತ್ತಾಗ ಅವನ ಹೆಂಡತಿ ಮಕ್ಕಳು ಈ ಖಾನನ ಕೈಗೆ ಸಿಕ್ಕಿದರು. ಬಚ್ಚಿಟ್ಟ ಹಣ ಕೊಡಿ ಅಂತ ಇಬ್ಬರು ಹುಡುಗರನ್ನ ನಗಾರಿಯೊಳಗೆ ಕೂರಿಸಿ ಹಿಂಸೆ ಕೊಟ್ಟ. ಅವರಲ್ಲಿ ಚಿಕ್ಕವನು ಹೈದರ್. ಆಗ ಅವನಿಗೆ ಏಳು ವರ್ಷ ಇರಬಹುದು.

ಈಗ ದೇವನಹಳ್ಳಿಯ ತುದಿಗೆ ಬನ್ನಿ. 1749. ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯ ಕೋಟೆಗೆ ಮುತ್ತಿಗೆ ಹಾಕಿದ್ದಾನೆ. ಮುತ್ತಿಗೆ ತಿಂಗಳುಗಟ್ಟಲೆ ಎಳೀತು. ಅಣ್ಣ ಶಹಬಾಜ್ ಮೈಸೂರಿನ ಸೇನೆಯಲ್ಲಿದ್ದ. ಹೈದರ್ ತಾನೇ ಮುಂದಾಗಿ ಅವನ ಜೊತೆ ಬಂದಿದ್ದ. ಹುದ್ದೆ ಇಲ್ಲ, ಅಕ್ಷರ ಬರಲ್ಲ. ಕಂದಕದಲ್ಲಿ ಗುಂಡು ಹಾರುವಾಗ ಗಾಬರಿಯಾಗದೆ ನಿಲ್ಲೋದನ್ನ ನಂಜರಾಜಯ್ಯ ಗಮನಿಸಿದ. ಕೋಟೆ ಬಿದ್ದ ಮೇಲೆ 50 ಕುದುರೆ, 200 ಕಾಲಾಳು ಕೊಟ್ಟು, ಕೋಟೆಯ ಒಂದು ಬಾಗಿಲು ಕಾಯೋ ಹೊಣೆ ವಹಿಸಿದ. ಇನ್ನಷ್ಟು ಜನರನ್ನ ಸೇರಿಸಿಕೊಳ್ಳೋದಕ್ಕೂ ಅಪ್ಪಣೆ ಆಯ್ತು.

ಆ ಕಡೇ ಮಾತು ಗಮನಿಸಿ. ಸಣ್ಣ ಸರದಾರನಿಂದ ಆಗಿನ ಕಾಲಕ್ಕೆ ಎರಡು ವಿಷಯ ನಿರೀಕ್ಷಿಸ್ತಿದ್ದರು: ಎದುರಿಗೆ ನಿಂತು ಕಾದಾಡಬೇಕು, ತನ್ನ ಜನರ ಲೆಕ್ಕ ಸರಿಯಾಗಿ ಒಪ್ಪಿಸಬೇಕು. ಸಂಬಳ ಬರ್ತಿದ್ದದ್ದು ತಲೆ ಎಣಿಕೆ ಮೇಲೆ. ಮೊದಲನೇದರಲ್ಲಿ ಹೈದರ್‌ಗೆ ಸಾಟಿ ಇರಲಿಲ್ಲ. ಎರಡನೇದು?

1755ರಲ್ಲಿ ಅವನು ದಿಂಡಿಗಲ್‌ಗೆ ಫೌಜುದಾರ. ಲೆಕ್ಕ ಬರೆಯೋಕೆ ಖಂಡೇರಾವ್. ಲೂಟಿಯಲ್ಲಿ ಅರ್ಧ ತಂದವನಿಗೆ, ಅರ್ಧ ಹೈದರ್‌ಗೆ. ಒಂದು ಕಾಸೂ ತಪ್ಪುವ ಹಾಗಿಲ್ಲ. ಕೆಳಗಿನವರ ಮಟ್ಟಿಗೆ ಇಷ್ಟು ಶಿಸ್ತು. ಮೇಲಿನವರಿಗೆ ಒಪ್ಪಿಸೋ ಲೆಕ್ಕ ಮಾತ್ರ ಬೇರೆ! ಪಾಳೆಯಗಾರರ ಮೇಲಿನ ಒಂದು ಕಾಳಗ ಆದಮೇಲೆ ಗಾಯಾಳುಗಳಿಗೆ ವಾಸಿಯಾಗೋವರೆಗೆ ತಿಂಗಳಿಗೆ 14 ರೂಪಾಯಿ ಕೊಡೋಕೆ ಶ್ರೀರಂಗಪಟ್ಟಣದಿಂದ ಅಧಿಕಾರಿ ಬಂದ. ನಿಜವಾಗಿ ಗಾಯ ಆಗಿದ್ದವರು 67. ಅರಿಶಿನ ಹಚ್ಚಿದ ಬಟ್ಟೆ ಸುತ್ತಿಕೊಂಡು ನರಳ್ತಾ ಮಲಗಿದ್ದವರು ಸುಮಾರು 700. ಸೇನೆಯ ಎಣಿಕೆಯಲ್ಲೂ ಅಷ್ಟೆ. ಒಮ್ಮೆ ಎಣಿಸಿಕೊಂಡವರೇ ಸುತ್ತು ಹಾಕಿ ಮತ್ತೆ ಸಾಲಿಗೆ ಬಂದು, 10,000 ಜನ 18,000 ಆದರು.

ಇದನ್ನ ಬರೆದಿಟ್ಟವನು ಮಾರ್ಕ್ ವಿಲ್ಕ್ಸ್, ಟಿಪ್ಪು ಸತ್ತ ಮೇಲೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ರಿಟಿಷ್ ಅಧಿಕಾರಿ. ಗೆದ್ದವರ ಕಡೆಯವನು, ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಆದ್ರೆ ಅದೇ ವಿಲ್ಕ್ಸ್ ದೇವನಹಳ್ಳಿ ಕಂದಕದಲ್ಲಿನ ಧೈರ್ಯವನ್ನೂ ಹೊಗಳಿದ್ದಾನೆ. ಹಾಗಾಗಿ ಒಂದನ್ನ ನಂಬಿ ಇನ್ನೊಂದನ್ನ ಬಿಡೋದು ನನಗೆ ಸರಿ ಅನ್ಸಲ್ಲ. ನನ್ನ ಪ್ರಕಾರ ದಿಂಡಿಗಲ್‌ನಲ್ಲಿ ಹೈದರ್‌ನಷ್ಟೇ ತಪ್ಪು ಶ್ರೀರಂಗಪಟ್ಟಣದ್ದೂ ಇತ್ತು. ಎಣಿಸೋಕೆ ಬಂದವನು ಒಂದು ಬಟ್ಟೆಯನ್ನೂ ಬಿಚ್ಚಿಸಿ ನೋಡಲಿಲ್ಲ.

ಹೈದರ್ ಬಾಗಿಲು ಕಾದ ಮರುವರ್ಷವೇ, 1750ರ ನವೆಂಬರ್‌ನಲ್ಲಿ, ಅದೇ ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದ. ಮುಂದೆ ಅವನು ಸೇನೆಗೆ 'ಫತ್‌ಹುಲ್ ಮುಜಾಹಿದೀನ್' ಅನ್ನೋ ನಿಯಮಗಳ ಪುಸ್ತಕವನ್ನೇ ಬರೆಸಿದ. ಅಪ್ಪ ಕಣ್ಣಳತೆ, ನೆನಪಿನ ಮೇಲೆ ನಡೆಸಿದ್ದನ್ನ ಮಗ ಕಾಗದಕ್ಕಿಳಿಸಿದ.

ಇನ್ನು ಆ ನಗಾರಿ. 1761ರಲ್ಲಿ ಹೈದರ್ ದೊಡ್ಡಬಳ್ಳಾಪುರದ ಮೇಲೆ ಬಂದ. ಅಬ್ಬಾಸ್ ಕುಲಿ ಖಾನ್ ಕಾದಾಡೋಕೆ ನಿಲ್ಲಲಿಲ್ಲ, ಮದ್ರಾಸಿಗೆ ಓಡಿಹೋದ.