ಅಂದಾಜು ಗರಿಷ್ಠ ನೆರೆ ಮತ್ತು ದಾಖಲೆಯ ನೆರೆ: ಕೆರೂರ ಹಾಗೂ ಮಲಪ್ರಭಾ ದಂಡೆಯ ಗ್ರಾಮಗಳ ಅರ್ಜಿದಾರರಿಗೆ ಮಾಹಿತಿ

ನಿವೇಶನ, ಭೂ ಪರಿವರ್ತನೆ ಮತ್ತು ಪುನರ್ವಸತಿಗೆ ಸಂಬಂಧಿಸಿದ ಅರ್ಜಿಗಳಲ್ಲಿ "2009ರ ನೆರೆ ನೀರು ಈ ಜಾಗಕ್ಕೆ ಬಂದಿರುವುದಿಲ್ಲ, ಆದ್ದರಿಂದ ಜಾಗವು ಸುರಕ್ಷಿತವಾಗಿರುತ್ತದೆ" ಎಂಬ ವಾಕ್ಯವು ಮೇಲಿಂದ ಮೇಲೆ ಕಂಡುಬರುತ್ತದೆ. ವಾಕ್ಯದ ಮೊದಲ ಭಾಗವು ನಿಜವಿರಬಹುದು. ಎರಡನೆಯ ಭಾಗವು ಅದರಿಂದ ಸಿದ್ಧವಾಗುವುದಿಲ್ಲ. ಕಾರಣವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಎರಡು ಬೇರೆ ಅಂಕಿಗಳು

ದಾಖಲೆಯ ನೆರೆ ಎಂದರೆ ಕಣ್ಣಿಗೆ ಕಂಡು ಅಳತೆಗೆ ಸಿಕ್ಕ ನೆರೆ. ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಲ್ಲಿರುವ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರದಂತಹ ಸ್ಥಳಗಳಲ್ಲಿ ಬರೆದಿಟ್ಟ ಮಟ್ಟಗಳು, ಗುಡಿಯ ಗೋಡೆಯ ಮೇಲೆ ಉಳಿದ ಕೆಸರಿನ ಗೆರೆ, ಹಿರಿಯರ ನೆನಪು ಇವೆಲ್ಲವೂ ಇದರಲ್ಲಿ ಸೇರುತ್ತವೆ.

ಅಂದಾಜು ಗರಿಷ್ಠ ನೆರೆಯು ಲೆಕ್ಕದಿಂದ ಬರುವಂಥದ್ದು. ಆ ಪ್ರದೇಶದಲ್ಲಿ ಸುರಿಯಲು ಸಾಧ್ಯವಿರುವ ಅತ್ಯಧಿಕ ಮಳೆಯನ್ನು ಊಹಿಸಿ, ಅದು ಜಲಾನಯನ ಪ್ರದೇಶದಿಂದ ಹರಿದು ಒಂದೇ ವೇಳೆಗೆ ನದಿಯಲ್ಲಿ ಕೂಡಿದರೆ ಎಷ್ಟು ಪ್ರವಾಹವಾದೀತೆಂದು ತಜ್ಞರು ಲೆಕ್ಕ ಹಾಕುತ್ತಾರೆ. ಜಮಾ-ಖರ್ಚಿನ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಆದ ಖರ್ಚು, ಎರಡನೆಯದು ಆಪತ್ತಿಗೆಂದು ತೆಗೆದಿರಿಸಿದ ನಿಧಿ.

1985ರಲ್ಲಿ ಪ್ರಕಟವಾದ ಭಾರತೀಯ ಮಾನಕ 11223ರ ಪ್ರಕಾರ 6 ಕೋಟಿ ಘನ ಮೀಟರಿಗಿಂತ (ಸುಮಾರು 2.1 ಟಿ.ಎಂ.ಸಿ.) ಹೆಚ್ಚು ನೀರು ಹಿಡಿಯುವ ಅಣೆಕಟ್ಟೆಗಳು ಅಂದಾಜು ಗರಿಷ್ಠ ನೆರೆಯನ್ನು ಸುರಕ್ಷಿತವಾಗಿ ಹೊರಬಿಡುವಂತಿರಬೇಕು. ಸಣ್ಣ ಅಣೆಕಟ್ಟೆಗಳಿಗೆ ನೂರು ವರ್ಷದ ನೆರೆ ಸಾಕು. ನೂರು ವರ್ಷದ ನೆರೆ ಎಂದರೆ ನೂರು ವರ್ಷಕ್ಕೊಮ್ಮೆ ತಪ್ಪದೆ ಬರುವುದೆಂದು ಅರ್ಥವಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ ಶೇ. 1. ಮೂವತ್ತು ವರ್ಷ ಬಾಳಬೇಕಾದ ಮನೆಗೆ ಈ ಸಂಭವವು ಶೇ. 26ಕ್ಕೆ ಏರುತ್ತದೆ.

ಹೋಲಿಕೆಯಿಂದ ತಿಳಿಯುವುದೇನು

ಆಲಮಟ್ಟಿ ಅಣೆಕಟ್ಟೆಯ ಕೋಡಿಯು ಸೆಕೆಂಡಿಗೆ ಸುಮಾರು 31,000 ಘನ ಮೀಟರ್, ಅಂದರೆ ಹೆಚ್ಚುಕಡಿಮೆ 11 ಲಕ್ಷ ಕ್ಯೂಸೆಕ್ ಹೊರಬಿಡುವಂತೆ ರಚಿತವಾಗಿದೆ. 2019ರ ಆಗಸ್ಟ್ ತಿಂಗಳಿನಲ್ಲಿ ಅಲ್ಲಿಂದ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್ ಮೀರಿತ್ತು. ಅಂದಾಜಿನ ಅರ್ಧದಷ್ಟೇ ಆದರೂ ಕೃಷ್ಣಾ ತೀರದ ಗ್ರಾಮಗಳು ಮುಳುಗಿದವು. ಅಂದಾಜು ಗರಿಷ್ಠ ನೆರೆಯ ಲೆಕ್ಕವು ಅಣೆಕಟ್ಟೆ ಒಡೆಯದಂತೆ ಕಾಯುವುದಕ್ಕಾಗಿ ಇರುವುದೇ ಹೊರತು ಕೆಳಗಿನ ಮನೆಗೆ ನೀರು ಬಾರದೆಂಬ ಭರವಸೆಯಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ಲೆಕ್ಕವನ್ನು ಮೀರಿದ ನೆರೆಗಳೂ ಉಂಟು. ಆಂಧ್ರ ಮತ್ತು ತೆಲಂಗಾಣದ ಗಡಿಯಲ್ಲಿ ಇದೇ ಕೃಷ್ಣಾ ನದಿಗೆ ಕಟ್ಟಿರುವ ಶ್ರೀಶೈಲ ಅಣೆಕಟ್ಟೆಯ ವಿನ್ಯಾಸ ನೆರೆ 19 ಲಕ್ಷ ಕ್ಯೂಸೆಕ್. 2009ರ ಅಕ್ಟೋಬರ್ ಆರಂಭದಲ್ಲಿ ಅಲ್ಲಿಗೆ 25 ಲಕ್ಷ ಕ್ಯೂಸೆಕ್ ಮೀರಿ ನೀರು ಬಂದಿತು. ಅಣೆಕಟ್ಟೆ ಉಳಿಯಿತು, ಮೇಲ್ಭಾಗದ ಕರ್ನೂಲು ನಗರ ಜಲಾವೃತವಾಯಿತು. ಗುಜರಾತಿನ ಮಚ್ಛು ಅಣೆಕಟ್ಟೆಯು 11-8-1979ರಂದು ತನ್ನ ವಿನ್ಯಾಸ ನೆರೆಯ ಸುಮಾರು ಮೂರು ಪಟ್ಟು ನೀರು ಬಂದಾಗ ಉಳಿಯಲಿಲ್ಲ. ಕೆಳಗಿದ್ದ ಮೋರ್ಬಿ ಪಟ್ಟಣ ಕೊಚ್ಚಿಹೋಯಿತು. ಆದಕಾರಣ ಅಂದಾಜನ್ನು ಒಮ್ಮೆ ಬರೆದು ಕಪಾಟಿನಲ್ಲಿ ಇಡಲಾಗದು. ಪ್ರತಿಯೊಂದು ದೊಡ್ಡ ನೆರೆಯ ನಂತರ ಅದನ್ನು ದಾಖಲೆಯೊಡನೆ ಮತ್ತೆ ತಾಳೆ ನೋಡಬೇಕಾಗುತ್ತದೆ.

ಮಲಪ್ರಭೆಯ ವಿಶೇಷ

ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ಜಲಾನಯನ ಪ್ರದೇಶವು 11,549 ಚದರ ಕಿ.ಮೀ. ಇದರಲ್ಲಿ ಸವದತ್ತಿಯ ಬಳಿಯ ನವಿಲುತೀರ್ಥ ಅಣೆಕಟ್ಟೆಯ ಮೇಲ್ಭಾಗಕ್ಕೆ ಸೇರಿದ್ದು ಸುಮಾರು 2,564 ಚದರ ಕಿ.ಮೀ., ಅಂದರೆ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಉಳಿದ ಪಾಲಿನ ಮಳೆಗೆ ಈ ಅಣೆಕಟ್ಟೆಯ ತಡೆ ಇಲ್ಲ. ಬೆಣ್ಣಿಹಳ್ಳ, ಹಿರೇಹಳ್ಳಗಳು ಅಣೆಕಟ್ಟೆಯ ಕೆಳಗೆ ಬಂದು ನದಿಯನ್ನು ಕೂಡುತ್ತವೆ. "ಡ್ಯಾಮಿನಿಂದ ನೀರು ಬಿಟ್ಟಿಲ್ಲ, ನೆರೆ ಬರುವುದಿಲ್ಲ" ಎಂಬ ನಂಬಿಕೆ ಅಪಾಯಕಾರಿಯಾಗಿರುವುದು ಇದರಿಂದಲೇ.

2009ರ ಸೆಪ್ಟೆಂಬರ್ ಕೊನೆಯ ಮಳೆಯು ಎಂದಿನಂತೆ ಘಟ್ಟದ ಮೇಲಷ್ಟೇ ಸುರಿಯದೆ ಬಯಲುಸೀಮೆಯ ಮೇಲೆಯೇ ಸುರಿಯಿತು. ಬಳಿಕ ದಂಡೆಯ ಹಲವು ಗ್ರಾಮಗಳಿಗೆ ಆಸರೆ ಯೋಜನೆಯಡಿ ಬೇರೆಡೆ ಮನೆಗಳನ್ನು ಕಟ್ಟಲಾಯಿತು. 2019ರಲ್ಲಿ ಮತ್ತೆ ನೆರೆ ಬಂದು ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿತು. ಈ ಎರಡು ನೆರೆಗಳ ನಡುವಿನ ಅಂತರ ಹತ್ತೇ ವರ್ಷ.

ಕೆರೂರ ಪಟ್ಟಣವು ಘಟಪ್ರಭಾ ಮತ್ತು ಮಲಪ್ರಭಾ ನದಿಗಳ ನಡುವೆ ಇದ್ದು ಯಾವುದರ ದಂಡೆಯ ಮೇಲೂ ಇಲ್ಲ. ಆದರೂ ಪಟ್ಟಣದ ಮೂಲಕ ಹಾಯುವ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯು 2019ರ ನೆರೆಯಲ್ಲಿ ಕೊಣ್ಣೂರಿನ ಬಳಿ ಬಂದ್ ಆಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕಾದ ರೋಗಿಗೆ ಮನೆಯೊಳಗೆ ನೀರು ಬಾರದಿದ್ದರೂ ನೆರೆ ಬಂದಂತೆಯೇ.

ಅರ್ಜಿಯಲ್ಲಿ ಬರೆಯಬೇಕಾದುದು

"ಸುರಕ್ಷಿತ" ಎಂಬ ತೀರ್ಮಾನವನ್ನು ಅರ್ಜಿದಾರರು ತಾವೇ ಬರೆಯುವ ಬದಲು ಕಂಡದ್ದನ್ನು ನಮೂದಿಸುವುದು ಒಳಿತು. ಸರ್ವೆ ನಂಬರಿನ ಜಾಗಕ್ಕೆ 2009ರಲ್ಲಿ ಮತ್ತು 2019ರಲ್ಲಿ ನೀರು ಬಂದಿತ್ತೇ, ಬಂದಿದ್ದರೆ ಯಾವ ಗುರುತಿನವರೆಗೆ, ನೀರು ನದಿಯದೋ ಹಳ್ಳದ್ದೋ ಎಂಬ ವಿವರಗಳನ್ನು ಕೊಡಬೇಕು. ಗೋಡೆಯ ಮೇಲೆ ನೀರಿನ ಗುರುತು ಉಳಿದಿದ್ದರೆ ಸುಣ್ಣ ಬಳಿಯುವ ಮುನ್ನ ಅದರ ಛಾಯಾಚಿತ್ರ ತೆಗೆದು, ನೆಲದಿಂದ ಗುರುತಿನವರೆಗಿನ ಎತ್ತರವನ್ನು ಅಳೆದು ಅರ್ಜಿಯೊಂದಿಗೆ ಲಗತ್ತಿಸಬಹುದು.